ಎಡಗಡೆ ಕೆಳಮೂಲೆಯ ಟಿಕ್ಕು

(ಪುಣೆಯ ಕನ್ನಡಿಗರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದದ್ದರಿಂದ ಅಲ್ಲಲ್ಲಿ ಸ್ವಲ್ಪ ಸೇರಿದೆ, ಸ್ವಲ್ಪ ಬಿಟ್ಟುಹೋಗಿದೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಮಳೆ, ಆದರೂ ಬಂದಿದ್ದೀರಿ. ಮುಂದಿನ ಸಾಲಿನಲ್ಲಿ ಅಪ್ಪ ಅಮ್ಮಂದಿರು ಕೂತಿದ್ದಾರೆ. ಓದಲು ಅಮೆರಿಕಕ್ಕೆ ನಿಜವಾಗಿ ವಿಮಾನ ಹತ್ತಬೇಕಾದವರು ಹಿಂದಿನ ಸಾಲಿನಲ್ಲಿ ಫೋನ್ ನೋಡುತ್ತಿದ್ದಾರೆ. ಬೈಯುವುದಿಲ್ಲ. ಆ ವಯಸ್ಸಿನಲ್ಲಿ ನಾನೂ ಅಲ್ಲೇ ಕೂರುತ್ತಿದ್ದೆ, ಕೈಗೆ ಕೊಟ್ಟ ಕಾಗದ ಓದುತ್ತಿರಲಿಲ್ಲ. ಅದರಿಂದಲೇ ಇವತ್ತು ಇಲ್ಲಿ ಮಾತಾಡುವ ಹಾಗಾಯಿತು.

ವಾಟ್ಸ್ಯಾಪಿನಲ್ಲಿ ‘ರೆಸಿಡೆನ್ಸಿ ವೇವರ್ ಮತ್ತು ಅಸೈಲಮ್’ ಅಂತ ವಿಷಯ ಹಾಕಿದ ಮೇಲೆ ನನಗೆ ಮೂರು ಫೋನ್ ಬಂದವು. ಕೊಥ್ರೂಡದಿಂದ ಒಬ್ಬ ತಾಯಿ, “ಮಗಳು ಎಂಬಿಬಿಎಸ್ ಮುಗಿಸ್ಯಾಳ್ರೀ, ರೆಸಿಡೆನ್ಸಿ ವೇವರ್ ಆದ್ರ ಪರೀಕ್ಷೆ ಇಲ್ದ ಹೋಗಬಹುದೇನ್ರೀ?” ಅಂದರು. ಅವರು ಕೇಳಿದ್ದು ಆಸ್ಪತ್ರೆಯ ರೆಸಿಡೆನ್ಸಿ. ಇನ್ನೊಬ್ಬರಿಗೆ ಇದು ಫೀ ಕಡಿಮೆ ಮಾಡುವ ಉಪಾಯ ಅನಿಸಿತ್ತು. ಅಮೆರಿಕದ ಸರ್ಕಾರಿ ಯುನಿವರ್ಸಿಟಿಗಳಲ್ಲಿ ಆ ರಾಜ್ಯದ ನಿವಾಸಿಗಳಿಗೆ ಫೀ ಕಡಿಮೆ ಇರುತ್ತದೆ, ಅದಕ್ಕೂ ರೆಸಿಡೆನ್ಸಿ ಅಂತಲೇ ಹೆಸರು. ಮೂರನೆಯವರು ದನಿ ತಗ್ಗಿಸಿ, “ಅಸೈಲಮ್ ಹಾಕೋಕೆ ಎಷ್ಟು ಖರ್ಚು ಬರುತ್ತೆ ಮೇಡಂ?” ಅಂದರು. ಅಸೈಲಮ್ ಅಂದರೆ ಸ್ವಂತ ದೇಶದಲ್ಲಿ ಹಿಂಸೆಗೆ ಹೆದರಿದವರು ಬೇರೆ ದೇಶದಲ್ಲಿ ಕೇಳುವ ಆಶ್ರಯ. ಈ ಮೂರನೆಯ ಫೋನಿಗೆ ಕೊನೆಯಲ್ಲಿ ಬರುತ್ತೇನೆ.

ನಾನು ಹೇಳಬೇಕೆಂದಿರುವ ರೆಸಿಡೆನ್ಸಿ ಬೇರೆ. ‘ಓದು ಮುಗಿದ ಮೇಲೆ ನಿನ್ನ ದೇಶಕ್ಕೆ ಹೋಗಿ ಎರಡು ವರ್ಷ ಇರು, ಆಮೇಲೆ ನೋಡೋಣ’ ಅನ್ನುವ ಷರತ್ತು ಅದು. ಅಮೆರಿಕದ ವಲಸೆ ಕಾನೂನಿನಲ್ಲಿ 212 (ಇ) ಅನ್ನುವ ಕಲಮು. ವೇವರ್ ಅಂದರೆ ಅದರಿಂದ ಬಿಡುಗಡೆ.

ಮೊದಲೇ ಒಂದು ಸಮಾಧಾನದ ಮಾತು. ಇಲ್ಲಿಂದ ಎಂಎಸ್ ಮಾಡಲು ಹೋಗುವ ಹೆಚ್ಚಿನ ಮಕ್ಕಳು ಹೋಗುವುದು ಎಫ್-1 ವೀಸಾದಲ್ಲಿ. ಯುನಿವರ್ಸಿಟಿ ಐ-20 ಅಂತ ಕಾಗದ ಕಳಿಸುತ್ತದಲ್ಲ, ಅದು. ಅವರಿಗೆ ಈ ಎರಡು ವರ್ಷದ ಕಟ್ಟು ಇಲ್ಲ. ಇದು ಇರುವುದು ಜೆ-1 ವೀಸಾದವರಿಗೆ. ಸ್ಕಾಲರ್‌ಶಿಪ್ಪಿನ ಮೇಲೆ ಹೋಗುವವರು, ಸಂಶೋಧನೆಗೆ ಹೋಗುವವರು, ಆಸ್ಪತ್ರೆಯಲ್ಲಿ ತರಬೇತಿಗೆ ಹೋಗುವ ಡಾಕ್ಟರುಗಳು. ಅವರಿಗೆ ಬರುವ ಕಾಗದ ಡಿಎಸ್-2019. ಅದರ ಎಡಗಡೆ ಕೆಳಮೂಲೆಯಲ್ಲಿ ಪುಟ್ಟ ಅಕ್ಷರದ ಒಂದು ಭಾಗ ಇದೆ. ಎರಡು ವರ್ಷದ ಷರತ್ತು ಅನ್ವಯಿಸುತ್ತದೋ ಇಲ್ಲವೋ ಅಂತ ಕಾನ್ಸುಲೇಟಿನವರು ಅಲ್ಲಿ ಟಿಕ್ ಮಾಡುತ್ತಾರೆ.

ನನ್ನ ಕಾಗದದಲ್ಲಿ ‘ಅನ್ವಯಿಸುತ್ತದೆ’ ಅಂತ ಟಿಕ್ ಇತ್ತು. 2012ರಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಿಂದ ಹೊರಗೆ ಬಂದಾಗ ನನಗೆ ವೀಸಾ ಸಿಕ್ಕಿದ ಖುಷಿ. ಅಪ್ಪನಿಗೆ ಊಟಕ್ಕೆ ಮಾಟುಂಗಾಕ್ಕೆ ಹೋಗುವ ಅವಸರ. ಟಿಕ್ ಯಾರು ನೋಡುತ್ತಾರೆ?

ಈ ಷರತ್ತು ಯಾಕೆ ಬಂತು ಅಂದರೆ, ಅಮೆರಿಕದವರು ಇದನ್ನು ಶುರು ಮಾಡಿದ್ದೇ ಕೊಡು-ಕೊಳ್ಳುವ ಲೆಕ್ಕದಲ್ಲಿ. 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆ ಅದರ ಬುನಾದಿ. ಬಾ, ಕಲಿ, ಹೋಗಿ ನಿನ್ನವರಿಗೆ ಕಲಿಸು. ಪಕ್ಕದ ಮನೆಯಿಂದ ಹೆಪ್ಪು ತರುತ್ತೇವಲ್ಲ, ಹಾಗೆ. ಹೆಪ್ಪು ಕೇಳಲು ಹೋದವರು ಅವರ ಅಡುಗೆಮನೆಯಲ್ಲೇ ಕೂತು ಮೊಸರು ತಿನ್ನತೊಡಗಿದರೆ ಹೇಗೆ? ಆ ದೃಷ್ಟಿಯಿಂದ ನೋಡಿದರೆ ಷರತ್ತು ಅನ್ಯಾಯದ್ದೇನಲ್ಲ. ನನಗೆ ಹೊಳೆದದ್ದು ತಡವಾಗಿ, ಅಷ್ಟೇ.

ಮೂರು ದಾರಿಯಲ್ಲಿ ಈ ಷರತ್ತು ಮೈಮೇಲೆ ಬರುತ್ತದೆ. ಓದಿನ ಖರ್ಚಿಗೆ ಅಮೆರಿಕ ಸರ್ಕಾರದ ದುಡ್ಡೋ ನಮ್ಮ ಸರ್ಕಾರದ ದುಡ್ಡೋ ಬಂದಿದ್ದರೆ. ಫುಲ್‌ಬ್ರೈಟ್-ನೆಹರು ಫೆಲೋಶಿಪ್ಪಿನವರು ಇದರಲ್ಲಿ ಬರುತ್ತಾರೆ. ಅಥವಾ ನೀವು ಡಾಕ್ಟರಾಗಿ ಅಲ್ಲಿ ತರಬೇತಿ ಪಡೆಯುತ್ತಿದ್ದರೆ. ಮೂರನೆಯದು ‘ಸ್ಕಿಲ್ಸ್ ಲಿಸ್ಟ್’. ಯಾವ ದೇಶಕ್ಕೆ ಯಾವ ವಿದ್ಯೆಯವರು ಬೇಕು ಅನ್ನುವ ಪಟ್ಟಿ. ನಾನು ಸಿಕ್ಕಿಬಿದ್ದದ್ದು ಇದರಲ್ಲಿ. ಗಿಡಗಳ ರೋಗದ ಮೇಲೆ ನನ್ನ ಕೆಲಸ, ನನ್ನ ವಿಷಯ ಆಗ ಆ ಪಟ್ಟಿಯಲ್ಲಿತ್ತು.

ಈಗ ತಮಾಷೆ ಕೇಳಿ. 2024ರ ಡಿಸೆಂಬರ್ 9ರಂದು ಆ ಪಟ್ಟಿಯನ್ನು ಬದಲಿಸಿದರು. ಹೊಸ ಪಟ್ಟಿಯಲ್ಲಿ ಭಾರತದ ಹೆಸರೇ ಇಲ್ಲ. ಚೀನಾದ್ದೂ ಇಲ್ಲ. ಹಿಂದೆ ಹೋದವರಲ್ಲೂ ಬರೀ ಪಟ್ಟಿಯ ಕಾರಣಕ್ಕೆ ಸಿಕ್ಕಿಬಿದ್ದವರು ಬಿಡುಗಡೆಯಾದರು. ನಾನು ಆಗಲೇ ನನ್ನ ಎರಡು ವರ್ಷ ಕಟ್ಟಿಯಾಗಿತ್ತು. ಸುದ್ದಿ ಓದಿ ಅಮ್ಮ, “ಬಡ್ಡಿ ಸಮೇತ ವಾಪಸ್ ಕೇಳು” ಅಂದಳು. ಆದರೆ ನೆನಪಿಡಿ, ಹೋದದ್ದು ಪಟ್ಟಿ ಮಾತ್ರ. ಸರ್ಕಾರಿ ದುಡ್ಡಿನವರಿಗೂ ಡಾಕ್ಟರುಗಳಿಗೂ ಷರತ್ತು ಇದ್ದ ಹಾಗೇ ಇದೆ.

ಷರತ್ತು ಇದ್ದರೆ ಏನಾಗುತ್ತದೆ? ನನಗೆ ಗೊತ್ತಾದದ್ದು ಮೂರನೇ ವರ್ಷ. ಓಹಾಯೋದಲ್ಲಿ ಒಂದು ಕೆಲಸ ಸಿಕ್ಕಿತು. ಎಚ್-1ಬಿ ಅನ್ನುವ ಕೆಲಸದ ವೀಸಾ ಮಾಡಿಸೋಣ ಅಂದರು. ನನ್ನ ಕಾಗದ ನೋಡಿದ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟರಲ್ಲೇ ನನಗೆ ಅರ್ಥವಾಯಿತು. ಎಚ್ ವೀಸಾ ಇಲ್ಲ, ಕಂಪನಿ ತನ್ನ ಅಲ್ಲಿನ ಶಾಖೆಗೆ ಕಳಿಸುವ ಎಲ್ ವೀಸಾ ಇಲ್ಲ, ಗ್ರೀನ್ ಕಾರ್ಡ್ ಇಲ್ಲ. ಅಲ್ಲೇ ಇದ್ದುಕೊಂಡು ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳುವುದೂ ಹೆಚ್ಚುಕಡಿಮೆ ಆಗದ ಮಾತು. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಊರಿಗೆ ಬಂದು ಇಲ್ಲಿನ ಕಾನ್ಸುಲೇಟಿನಲ್ಲಿ ಟೂರಿಸ್ಟ್ ವೀಸಾ, ಎಫ್-1, ದೊಡ್ಡ ಸಾಧನೆ ಮಾಡಿದವರ ಓ-1 ಕೇಳುವುದನ್ನು ಈ ಕಲಮು ತಡೆಯುವುದಿಲ್ಲ. ಗಂಡ ಹೆಂಡತಿ ಮಕ್ಕಳು ಜೆ-2ನಲ್ಲಿ ಜೊತೆಗೆ ಹೋಗಿದ್ದರೆ ಅವರಿಗೂ ಇದೇ ಷರತ್ತು. ಇದನ್ನು ಕೇಳಿ ಹಿಂದೆ ಕೂತವರೊಬ್ಬರು ತಲೆ ಎತ್ತಿದರು, ನೋಡಿದೆ.

ಇನ್ನು ವೇವರ್, ಈ ಷರತ್ತಿನಿಂದ ಬಿಡುಗಡೆ. ಡಿಎಸ್-3035 ಅನ್ನುವ ಅರ್ಜಿ, 120 ಡಾಲರ್ ಶುಲ್ಕ. ಅಮೆರಿಕದ ವಿದೇಶಾಂಗ ಇಲಾಖೆ ಶಿಫಾರಸು ಮಾಡುತ್ತದೆ, ಕೊನೆಯ ಮಾತು ವಲಸೆ ಇಲಾಖೆಯದು. ಬಿಡುಗಡೆ ಕೇಳಲು ಐದು ಕಾರಣಗಳಿವೆ. ಜಾಸ್ತಿ ಜನ ಹಿಡಿಯುವುದು ‘ನೋ ಆಬ್ಜೆಕ್ಷನ್’ ದಾರಿ. ‘ಇವಳು ವಾಪಸ್ ಬರದಿದ್ದರೂ ನಮಗೆ ತಕರಾರಿಲ್ಲ’ ಅಂತ ನಮ್ಮ ಸರ್ಕಾರ ಹೇಳಬೇಕು. ಆ ಪತ್ರವನ್ನು ನಮ್ಮ ರಾಯಭಾರ ಕಚೇರಿ ನೇರವಾಗಿ ಅವರಿಗೇ ಕಳಿಸುತ್ತದೆ, ನಿಮ್ಮ ಕೈಗೆ ಕೊಡುವುದಿಲ್ಲ. ಅದಕ್ಕೂ ಮೊದಲು ನೀವು ಇಲ್ಲಿಂದ ‘ನೋರಿ’ ಕಾಗದಗಳನ್ನು ತರಬೇಕು. ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ ಅನ್ನುವ ಪ್ರಮಾಣಪತ್ರ. ದೆಹಲಿಯ ಶಿಕ್ಷಣ ಇಲಾಖೆಯದು ಒಂದು, ರಾಜ್ಯ ಸರ್ಕಾರದ್ದು ಒಂದು, ಪಾಸ್‌ಪೋರ್ಟ್ ಕಚೇರಿಯದು ಒಂದು.

ನನ್ನ ಪರವಾಗಿ ಓಡಾಡಿದ್ದು ಅಪ್ಪ. ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ಮುಂಬೈಗೆ ಹೋಗುವುದು, ಸಂಜೆ ಅದೇ ಗಾಡಿಯಲ್ಲಿ ವಾಪಸ್. ಒಂದು ಕಚೇರಿಯಲ್ಲಿ ನನ್ನ ಫೈಲು ಎರಡು ಸಲ ಕಳೆಯಿತು. ಎರಡನೇ ಸಲ ಅದು ಸಿಕ್ಕಿದ್ದು ಕೂಲರ್ ಮೇಲೆ, ಚಹಾದ ಟ್ರೇ ಅಡಿಯಲ್ಲಿ. ಅಲ್ಲಿನ ಕಾರಕೂನ ಅಪ್ಪನನ್ನು ಕೇಳಿದನಂತೆ: “ಕಾಕಾ, ಮಗಳು ವಾಪಸ್ ಬರಬಾರದು ಅಂತ ಅಪ್ಪನೇ ಅರ್ಜಿ ಹಿಡಿದು ಬರೋದು ಇದೇ ಮೊದಲು ನೋಡ್ತಾ ಇರೋದು.” ಅವನು ಸುಮ್ನೆ ಅಂದದ್ದು. ಆದರೆ ಅಪ್ಪ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಆ ರಾತ್ರಿ ಅಮ್ಮ ಫೋನ್ ಮಾಡಿದಳು. ಮಾರನೇ ವಾರ ನಾನು ಟಿಕೆಟ್ ಬುಕ್ ಮಾಡಿದೆ.

ಆಮೇಲಿನ ಎರಡು ವರ್ಷ ಪುಣೆಯಲ್ಲಿ ಕಳೆದೆ. ನಮ್ಮ ಮೂಲ ಧಾರವಾಡ. ಧಾರವಾಡದಲ್ಲೇ ಇರಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ದೇಶ ಮುಖ್ಯ, ಊರಲ್ಲ. ಎರಡು ವರ್ಷ ಒಂದೇ ಉಸಿರಿಗೆ ಮುಗಿಸಬೇಕೆಂದೂ ಇಲ್ಲ, ತುಂಡು ತುಂಡಾಗಿ ಕೂಡಿಸಬಹುದು. ಆದರೆ ದೇಶದ ಹೊರಗಿದ್ದ ದಿನ ಲೆಕ್ಕಕ್ಕಿಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ಕಾಲನಿರ್ಣಯ ಕ್ಯಾಲೆಂಡರ್ ತೂಗುಹಾಕಿದೆ, ನಿಮ್ಮೆಲ್ಲರ ಮನೆಯಲ್ಲೂ ಇದೆ ಬಿಡಿ. ಹಾಲಿನವನು ಬರದ ದಿನ ಅಮ್ಮ ಅದರಲ್ಲಿ ಸೊನ್ನೆ ಸುತ್ತುತ್ತಾಳೆ. ನಾನು ಸಿಂಗಾಪುರಕ್ಕೆ ಎಂಟು ದಿನ ಸಮ್ಮೇಳನಕ್ಕೆ ಹೋದಾಗ ಆ ಎಂಟು ದಿನಕ್ಕೂ ಸೊನ್ನೆ ಸುತ್ತಿದಳು. ತಿಂಗಳ ಕೊನೆಗೆ ಹಾಲಿನ ಲೆಕ್ಕವೂ ನನ್ನ ಲೆಕ್ಕವೂ ಒಂದೇ ಹಾಳೆಯಲ್ಲಿ. 730 ದಿನ ತುಂಬಿದ ದಿನ ಶಾವಿಗೆ ಪಾಯಸ ಮಾಡಿದ್ದಳು. ಅಷ್ಟು ಹೊತ್ತಿಗೆ ನನಗೆ ಇಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು, ನಾನು ಹೋಗಲೇ ಇಲ್ಲ. ಅದು ಬೇರೆ ಕಥೆ.

ಹೋಗುತ್ತೇನೆ ಅನ್ನುವವರಿಗೆ ಈಗ ಇನ್ನೊಂದು ಗೋಡೆ ಎದ್ದಿದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಒಂದು ಘೋಷಣೆ ಹೊರಡಿಸಿ, ದೇಶದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂದರು. ಊರಿಗೆ ಬಂದು ಎರಡು ವರ್ಷ ಕಟ್ಟುವುದೋ, ಅಲ್ಲೇ ಇದ್ದು ವೇವರ್ ಕೇಳುವುದೋ ಅನ್ನುವ ಲೆಕ್ಕ ನನ್ನ ಕಾಲದ್ದಲ್ಲ, ಬದಲಾಗಿದೆ. ವೇವರಿಗೆ ಒಳ್ಳೆಯ ಶಿಫಾರಸು ಬಂದ ಮೇಲೆ ಜೆ-1 ಅವಧಿಯನ್ನು ಮುಂದುವರಿಸಲು ಆಗುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ. ಅವಸರದಲ್ಲಿ ಅರ್ಜಿ ಹಾಕಿ, ಓದು ಅರ್ಧಕ್ಕೆ ನಿಂತವರನ್ನು ನೋಡಿದ್ದೇನೆ.

ಡಾಕ್ಟರುಗಳಿಗೆ ‘ನೋ ಆಬ್ಜೆಕ್ಷನ್’ ದಾರಿ ಇಲ್ಲವೇ ಇಲ್ಲ. ಅವರಿಗೆ ‘ಕಾನ್‌ರಾಡ್ 30’ ಅನ್ನುವ ದಾರಿ ಇದೆ. ಪ್ರತಿ ರಾಜ್ಯವೂ ವರ್ಷಕ್ಕೆ 30 ಡಾಕ್ಟರುಗಳಿಗೆ ಶಿಫಾರಸು ಕೊಡಬಹುದು. ಬದಲಿಗೆ ಡಾಕ್ಟರು ಕಡಿಮೆ ಇರುವ ಕಡೆ ಮೂರು ವರ್ಷ ದುಡಿಯಬೇಕು. ಇಲ್ಲಿ ಹಳ್ಳಿ ಸೇವೆ ಕಡ್ಡಾಯ ಅಂದಾಗ ಗೊಣಗಿದ ನಮ್ಮ ನೆಂಟರ ಹುಡುಗ ಅಲ್ಲಿ ಯಾವುದೋ ಜೋಳದ ಹೊಲಗಳ ನಡುವಿನ ಊರಿನಲ್ಲಿ ಮೂರು ವರ್ಷ ಮಾಡಿದ. ಅದೂ ಹಿಮದಲ್ಲಿ. ಖುಷಿಯಾಗಿಯೇ ಮಾಡಿದ ಅನ್ನಿ.

ಇನ್ನುಳಿದ ಕಾರಣಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ಸರ್ಕಾರಿ ಇಲಾಖೆಗೆ ನೀವು ಬೇಕಾಗಿರುವುದು. ಇನ್ನೊಂದು, ನೀವು ಹೊರಟರೆ ಅಲ್ಲಿನ ಪ್ರಜೆಯಾದ ನಿಮ್ಮ ಗಂಡ, ಹೆಂಡತಿ ಅಥವಾ ಮಗುವಿಗೆ ಸಾಮಾನ್ಯಕ್ಕಿಂತ ಮೀರಿದ ಕಷ್ಟವಾಗುವುದು. ಗ್ರೀನ್ ಕಾರ್ಡ್ ಇದ್ದವರಾದರೂ ಆದೀತು. ಐದನೆಯದು ನಾನು ನಿಲ್ಲಬೇಕಾದ ಜಾಗ. ‘ಊರಿಗೆ ಹೋದರೆ ನನಗೆ ಹಿಂಸೆಯಾಗುತ್ತದೆ’ ಅನ್ನುವುದು. ಇಲ್ಲಿಗೆ ಬಂದಾಗ ವೇವರ್ ಮತ್ತು ಅಸೈಲಮ್ ಎರಡೂ ಒಂದೇ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ.

ಈ ಕಾರಣಕ್ಕೆ ವೇವರ್ ಕೇಳುವವರು ಡಿಎಸ್-3035ರ ಜೊತೆಗೆ ಐ-612 ಅನ್ನುವ ಅರ್ಜಿಯನ್ನೂ ಹಾಕಬೇಕು. ಅಸೈಲಮಿಗೆ ಐ-589. ವೇವರಿನಲ್ಲಿ ಹಿಂಸೆಗೆ ಮೂರೇ ಕಾರಣ ಒಪ್ಪುತ್ತಾರೆ: ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ. ಅಸೈಲಮಿನಲ್ಲಿ ಐದು. ಈ ಮೂರರ ಜೊತೆಗೆ ರಾಷ್ಟ್ರೀಯತೆ, ಮತ್ತೆ ‘ನಿರ್ದಿಷ್ಟ ಸಾಮಾಜಿಕ ಗುಂಪು’ ಅನ್ನುವ ವಿಶಾಲವಾದ ಮಾತು. ವೇವರಿನಲ್ಲಿ, ಹೋದರೆ ಹಿಂಸೆ ಆಗಿಯೇ ಆಗುತ್ತದೆ ಅಂತ ತೋರಿಸಬೇಕು. ಅಸೈಲಮಿನಲ್ಲಿ ನಿಮ್ಮ ಭಯಕ್ಕೆ ಗಟ್ಟಿಯಾದ ಆಧಾರ ಇದ್ದರೆ ಸಾಕು. ವೇವರ್ ಸಿಕ್ಕಿದರೆ ಬರೀ ಒಂದು ಕಟ್ಟು ಬಿಚ್ಚಿದ ಹಾಗೆ, ಅಲ್ಲಿರುವ ಹಕ್ಕನ್ನು ಅದು ಕೊಡುವುದಿಲ್ಲ. ಅಸೈಲಮ್ ಸಿಕ್ಕಿದರೆ ಅಲ್ಲೇ ಇರಬಹುದು. ಎರಡು ವರ್ಷದ ಷರತ್ತು ಮೈಮೇಲಿದ್ದರೂ ಅಸೈಲಮ್ ಕೇಳುವುದಕ್ಕೆ ಅಡ್ಡಿಯಿಲ್ಲ.

ಇದು ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ. ಪುಣೆಗೆ ಇರಾನಿನಿಂದ, ಯೆಮೆನ್‌ನಿಂದ, ಆಫ್ರಿಕಾದಿಂದ ಎಷ್ಟೋ ಮಕ್ಕಳು ಓದಲು ಬರುತ್ತಾರೆ. ನಮ್ಮ ಮೇಲಿನ ಮಹಡಿಯಲ್ಲಿ ಅಫ್ಘಾನಿಸ್ತಾನದ ಒಬ್ಬ ಹುಡುಗ ಬಾಡಿಗೆಗಿದ್ದ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಅದನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ಸಿ ಆಗ ತುಂಬಬೇಕಿತ್ತು. ಅದನ್ನು ತುಂಬಿದ್ದು ಅಮ್ಮನೇ. 2021ರ ಆಗಸ್ಟ್ 15, ಭಾನುವಾರ. ಬೆಳಿಗ್ಗೆ ಸೊಸೈಟಿಯಲ್ಲಿ ಝಂಡಾ ಹಾರಿಸಿ ಜಿಲೇಬಿ ಹಂಚಿದ್ದೆವು, ಅವನೂ ತಿಂದ. ಸಂಜೆ ಕಾಬೂಲ್ ತಾಲಿಬಾನಿನ ಕೈಗೆ ಹೋಯಿತು. ರಾತ್ರಿ ಅವನು ಮೆಟ್ಟಿಲ ಮೇಲೆ ಕೂತಿದ್ದ, ಕೈಯಲ್ಲಿ ಫೋನು. ಅಕ್ಕನಿಗೆ ಫೋನ್ ಹೋಗುತ್ತಿರಲಿಲ್ಲ. ಅಮ್ಮ ಅವನ ಪಕ್ಕ ಹೋಗಿ ಕೂತಳು. ಅವಳಿಗೆ ಅವನ ಭಾಷೆ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ಇಬ್ಬರದೂ ಅರ್ಧಂಬರ್ಧ ಹಿಂದಿ.

ಆ ಹುಡುಗ ನನ್ನನ್ನು ಕೇಳಿದ, “ದೀದಿ, ಇಲ್ಲಿ ಅಸೈಲಮ್ ಎಲ್ಲಿ ಕೊಡುತ್ತಾರೆ?” ನನ್ನ ಹತ್ತಿರ ಉತ್ತರ ಇರಲಿಲ್ಲ, ಹುಡುಕಿದೆ. ನಿರಾಶ್ರಿತರ ಬಗ್ಗೆ 1951ರ ಒಪ್ಪಂದ, 1967ರ ಪ್ರೋಟೋಕಾಲ್ ಅಂತ ಎರಡಿವೆ. ಭಾರತ ಎರಡಕ್ಕೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಬೇರೆ ಕಾನೂನೂ ಇಲ್ಲ. ದೆಹಲಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಇದೆ, ಅಲ್ಲಿ ನೋಂದಣಿ ಮಾಡಿಸಬಹುದು. ವೀಸಾದ ಮಾತೆಲ್ಲ ವಿದೇಶಿಯರ ನೋಂದಣಿ ಕಚೇರಿಯಲ್ಲಿ. ಅಮೆರಿಕ 1968ರಲ್ಲಿ ಆ ಪ್ರೋಟೋಕಾಲ್ ಒಪ್ಪಿ, 1980ರಲ್ಲಿ ತನ್ನದೇ ಕಾಯ್ದೆ ಮಾಡಿತು. ಅಲ್ಲಿ ಓದುತ್ತಿದ್ದ ಇವನ ಚಿಕ್ಕಪ್ಪನ ಮಗ ಐ-589 ಹಾಕಿದ. ಇವನ ವೀಸಾ ಇಲ್ಲಿ ಮುಂದುವರಿಯಿತು, ಓದು ಮುಗಿಸಿದ, ಕೊನೆಗೆ ಜರ್ಮನಿಗೆ ಹೋದ. ಈಗಲೂ ಅಮ್ಮನಿಗೆ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾನೆ.

ಊರಿಗೆ ಹೋಗಲಾಗದ ಹುಡುಗನನ್ನು ಅಷ್ಟು ಹತ್ತಿರದಿಂದ ನೋಡಿದ್ದರಿಂದಲೇ ಆ ಮೂರನೆಯ ಫೋನ್ ನನ್ನನ್ನು ಸಿಟ್ಟಿಗೆಬ್ಬಿಸಿತು. ಯಾರೋ ಏಜೆಂಟ್ ಅವರಿಗೆ ಹೇಳಿದ್ದಾನೆ: “ಓದು ಮುಗಿದ ಮೇಲೆ ಕೆಲಸ ಸಿಗಲಿಲ್ಲ ಅಂದ್ರೆ ಅಸೈಲಮ್ ಹಾಕಿಬಿಡಿ, ವರ್ಕ್ ಪರ್ಮಿಟ್ ಬರುತ್ತೆ, ಕಥೆ ನಾವು ಬರೆದುಕೊಡ್ತೀವಿ.” ಕಥೆ! ಆ ಅಪ್ಪನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಮನೆ ಅಡ ಇಟ್ಟು ಸಾಲ ತೆಗೆದಿದ್ದಾರೆ, ಹೆದರಿದ್ದಾರೆ. ಆದರೆ ಇದರಲ್ಲಿ ಏನಿದೆ ಅಂತ ಕೇಳಿ.

ಬೇಕೆಂದೇ ಸುಳ್ಳು ಕಥೆ ಕಟ್ಟಿ ಅಸೈಲಮ್ ಕೇಳಿದರು ಅಂತ ತೀರ್ಮಾನವಾದರೆ, ಆ ದೇಶದ ವಲಸೆಯ ಯಾವ ಸವಲತ್ತೂ ಜೀವಮಾನವಿಡೀ ಸಿಗುವುದಿಲ್ಲ. ಮುಂದೆ ಅಲ್ಲಿನ ಹುಡುಗಿಯನ್ನು ಮದುವೆಯಾದರೂ ಇಲ್ಲ, ಒಳ್ಳೆಯ ಕಂಪನಿ ಕರೆದರೂ ಇಲ್ಲ. ಅರ್ಜಿ ನಡೆಯುತ್ತಿರುವಾಗ ಮುಂಚೆ ಅನುಮತಿ ತೆಗೆದುಕೊಳ್ಳದೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟ ಹಾಗೆ. ಅಜ್ಜಿ ತೀರಿಕೊಂಡಳು ಅಂತ ಊರಿಗೆ ಬಂದಿರೋ, ‘ಹೆದರಿಕೆ ಇದೆ ಅಂದವನು ಹೋದದ್ದು ಹೇಗೆ’ ಅನ್ನುವ ಪ್ರಶ್ನೆಯೂ ಏಳುತ್ತದೆ. ವಿದ್ಯಾರ್ಥಿ ವೀಸಾ ನಿಂತಿರುವುದೇ ‘ಓದಿ ವಾಪಸ್ ಹೋಗುತ್ತೇನೆ’ ಅನ್ನುವ ಮಾತಿನ ಮೇಲೆ. ‘ವಾಪಸ್ ಹೋಗಲಾರೆ’ ಅಂತ ಬರೆದುಕೊಟ್ಟವರು ಮತ್ತೆ ಎಫ್-1 ಕೇಳಲು ಹೋದರೆ ಕಿಟಕಿಯ ಆಚೆಯವರು ಏನನ್ನಬಹುದು, ನೀವೇ ಹೇಳಿ. ಇನ್ನು ವರ್ಕ್ ಪರ್ಮಿಟ್ ಅರ್ಜಿ ಹಾಕಿದ ಮಾರನೇ ದಿನ ಬರುವಂಥದ್ದಲ್ಲ. 2025ರ ಜುಲೈನಲ್ಲಿ ಬಂದ ಕಾಯ್ದೆಯಿಂದ ಮೊದಲು ಪುಕ್ಕಟೆಯಿದ್ದ ಅಸೈಲಮ್ ಅರ್ಜಿಗೂ 100 ಡಾಲರ್ ಶುಲ್ಕ ಬಂದಿದೆ, ತೀರ್ಮಾನವಾಗುವ ತನಕ ವರ್ಷ ವರ್ಷ ಇನ್ನೂ 100ರ ಆಸುಪಾಸು. ಆ ಅಪ್ಪ ಕೇಳಿದ ಖರ್ಚಿಗೆ ಉತ್ತರ ಇಷ್ಟೇ. ಏಜೆಂಟನ ಲಕ್ಷಗಳು ಬೇರೆ.

ನಿಜವಾಗಿ ಹೆದರಿದವರು ಇಲ್ಲಿ ಇರಬಹುದು. ಅವರ ಮನೆಯವರಿಗೂ ಗೊತ್ತಿಲ್ಲದೆ ಇರಬಹುದು. ಅವರಿಗೆ ನಾನು ಹೇಳುವುದು ಬೇರೆ. ಅಮೆರಿಕ ತಲುಪಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ನಿಮ್ಮ ವಿದ್ಯಾರ್ಥಿ ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಅನುಮತಿ, ಸರಿಯಾಗಿ ನಡೆಯುತ್ತಿದ್ದರೆ, ಅಥವಾ ಆಮೇಲೆ ಊರಿನ ಪರಿಸ್ಥಿತಿ ಬದಲಾಗಿದ್ದರೆ, ವಿನಾಯಿತಿ ಕೇಳಬಹುದು. ಆದರೆ ವಿನಾಯಿತಿ ನಂಬಿ ಕೂರಬೇಡಿ. ಸ್ಟೇಟಸ್ ಜೀವಂತ ಇದ್ದಾಗ ಅರ್ಜಿ ತಿರಸ್ಕಾರವಾದರೂ ನೀವು ವಿದ್ಯಾರ್ಥಿಯಾಗಿಯೇ ಉಳಿಯುತ್ತೀರಿ. ಸ್ಟೇಟಸ್ ಹೋಗಿದ್ದರೆ ಕೇಸು ವಲಸೆ ನ್ಯಾಯಾಧೀಶರ ಮುಂದೆ ಹೋಗುತ್ತದೆ.

ಭಾರತದವರಿಗೆ ಒಂದು ಪ್ರಶ್ನೆ ಕಟ್ಟಿಟ್ಟ ಬುತ್ತಿ. ಗದಗಿನಲ್ಲಿ ಜೀವಕ್ಕೆ ಅಪಾಯ ಇದ್ದರೆ ಪುಣೆಗೆ ಹೋಗಿ ಇರಬಹುದಲ್ಲ? ಇಷ್ಟು ದೊಡ್ಡ ದೇಶ, ಬೇರೆ ಊರು ಸಿಗಲಿಲ್ಲವಾ? ಜಾತಿ ಬಿಟ್ಟು ಮದುವೆಯಾದವರನ್ನು ಸ್ವಂತ ಮನೆಯವರೇ ಬೆನ್ನಟ್ಟುತ್ತಿದ್ದರೆ, ಪೊಲೀಸರು ಯಾಕೆ ಕಾಪಾಡಲಾರರು ಅಂತಲೂ ಕೇಳುತ್ತಾರೆ. ಇದಕ್ಕೆ ಉತ್ತರ ನನ್ನಂಥ ಗಿಡದ ಡಾಕ್ಟರಳ ಹತ್ತಿರ ಕೇಳಬೇಡಿ, ವಲಸೆ ವಕೀಲರ ಹತ್ತಿರ ಕೇಳಿ. ಅಲ್ಲಿನ ಎಷ್ಟೋ ಕಾನೂನು ಕಾಲೇಜುಗಳಲ್ಲಿ ವಿದ್ಯಾರ್ಥಿಗಳೂ ಪ್ರಾಧ್ಯಾಪಕರೂ ಸೇರಿ ದುಡ್ಡಿಲ್ಲದೆ ಕೇಸು ನೋಡುವ ಕ್ಲಿನಿಕ್ ನಡೆಸುತ್ತಾರೆ. ಯುನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರು ಒಳ್ಳೆಯವರೇ, ಆದರೆ ಅವರು ನಿಮ್ಮ ವಕೀಲರಲ್ಲ.

ಅಸೈಲಮ್ ಬೇಡ, ಊರಿನಲ್ಲಿ ಯುದ್ಧವಾಗಿ ಮನೆಯಿಂದ ದುಡ್ಡು ನಿಂತಿದೆ ಅಷ್ಟೇ ಅನ್ನುವ ದೇಶಗಳ ಎಫ್-1 ಮಕ್ಕಳಿಗೆ ಇನ್ನೊಂದು ಏರ್ಪಾಡಿದೆ, ‘ಸ್ಪೆಷಲ್ ಸ್ಟೂಡೆಂಟ್ ರಿಲೀಫ್’. ಅದರಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯಲು ಬಿಡುತ್ತಾರೆ, ಕೋರ್ಸಿನ ಹೊರೆಯನ್ನೂ ಇಳಿಸಿಕೊಳ್ಳಬಹುದು. ಯಾವ ದೇಶಕ್ಕೆ ಅಂತ ಅಲ್ಲಿನ ಸರ್ಕಾರ ಹೆಸರು ಹಿಡಿದು ಪ್ರಕಟಿಸುತ್ತದೆ.

ಇಷ್ಟು ಹೇಳಿ ನಾನು ಕೂತೆ. ಪ್ರಶ್ನೆಗಳು ಬಂದವು, ಬಹಳಷ್ಟು ಎಚ್-1ಬಿ ಲಾಟರಿಯದು. ಅದನ್ನೆಲ್ಲ ಬರೆಯುವುದಿಲ್ಲ. ಚಹಾ ಮುಗಿದು ಕುರ್ಚಿ ಮಡಚುವಾಗ ಹಿಂದಿನ ಸಾಲಿನ ಒಬ್ಬ ಹುಡುಗ ಅಪ್ಪನ ಜೊತೆ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಅವನ ಡಿಎಸ್-2019. ಟ್ಯೂಬ್‌ಲೈಟಿನ ಕೆಳಗೆ ಮೂವರೂ ನಿಂತು ನೋಡಿದೆವು. ಎಡಗಡೆ ಕೆಳಮೂಲೆಯಲ್ಲಿ ‘ಅನ್ವಯಿಸುವುದಿಲ್ಲ’ ಅಂತ ಟಿಕ್ ಇತ್ತು. ಅಪ್ಪನ ಮುಖ ಅರಳಿತು. ನಾನು ಕಾಗದವನ್ನು ಸ್ವಲ್ಪ ಮೇಲೆ ಸರಿಸಿ ಐದನೇ ಕಲಮು ತೋರಿಸಿದೆ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಬರೆಯುವ ಜಾಗ. ಅಲ್ಲಿ ಅಮೆರಿಕ ಸರ್ಕಾರದ ಒಂದು ಇಲಾಖೆಯ ಹೆಸರಿತ್ತು, ಮುಂದೆ ಡಾಲರಿನ ಮೊತ್ತ.

“ಹಂಗಾರ ಈ ಟಿಕ್ಕು?” ಅಂದರು ಅಪ್ಪ.

ಕಾನ್ಸುಲೇಟಿನವರ ಟಿಕ್ ಕೊನೆಯ ಮಾತಲ್ಲ, ವಿದೇಶಾಂಗ ಇಲಾಖೆಗೆ ಬರೆದು ‘ಅಡ್ವೈಸರಿ ಒಪೀನಿಯನ್’ ಕೇಳಬಹುದು, ಅವರು ಹೇಳಿದ್ದೇ ಲೆಕ್ಕ ಅಂದೆ. ಹುಡುಗ ಫೋನ್ ಜೇಬಿಗಿಟ್ಟು, ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲ ಸಾಲಿನಿಂದ ಓದತೊಡಗಿದ.